ಮಳೆ ಒಂದೂರಿಗೆ, ಮಹಾಪೂರ ಇನ್ನೊಂದೂರಿಗೆ

ಕೊಲ್ಹಾಪುರ ಜಿಲ್ಲೆಯ ನಕಾಶೆಯಲ್ಲಿ ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು, ಪೂರ್ವಕ್ಕೆ ಕೃಷ್ಣೆಯ ಬಯಲು. ಘಟ್ಟದ ನೆತ್ತಿಯ ಮೇಲಿರುವ ಗಗನಬಾವಡಾದಲ್ಲಿ ಒಂದು ಮಳೆಗಾಲಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಶಿರೋಳ ತಾಲೂಕಿನಲ್ಲಿ ಅದರ ಹತ್ತನೆಯ ಒಂದು ಪಾಲಿನಷ್ಟು ಮಳೆಯಾದರೆ ರೈತರು ತೃಪ್ತರಾಗುತ್ತಾರೆ. ಆದರೆ ಮಹಾಪೂರ ಬಂದಾಗ ದಿನಗಟ್ಟಲೆ ನೀರಿನಲ್ಲಿ ನಿಲ್ಲುವುದು ಗಗನಬಾವಡಾ ಅಲ್ಲ, ಶಿರೋಳ. ಮಳೆ ಬೀಳುವುದು ಒಂದೂರಿಗೆ, ಹೊಳೆ ಏರುವುದು ಇನ್ನೊಂದೂರಿಗೆ. ಈ ಜಿಲ್ಲೆಯ ನೈಸರ್ಗಿಕ ಆಪತ್ತುಗಳ ಲೆಕ್ಕ ಹಾಕಲು ಕುಳಿತವರೆಲ್ಲ ಮೊದಲು ಅರಿಯಬೇಕಾದ ಸಂಗತಿ ಇದೇ. ತಲೆಯ ಮೇಲಿನ ಆಕಾಶವನ್ನು ನೋಡಿ ಹೊಳೆಯ ಅಂದಾಜು ಮಾಡುವಂತಿಲ್ಲ. ಬಿಸಿಲಿರುವ ದಿನವೂ ಅಂಗಳಕ್ಕೆ ನೀರು ಬರಬಹುದು.

ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಂಬ ನಾಲ್ಕು ಹೊಳೆಗಳೂ ಗುಪ್ತಗಾಮಿನಿಯೆಂದು ಜನ ನಂಬುವ ಸರಸ್ವತಿಯೂ ಕೂಡಿ ಪಂಚಗಂಗೆಯಾಗುತ್ತದೆ. ಕೊಲ್ಹಾಪುರಕ್ಕೆ ಸಮೀಪದ ಪ್ರಯಾಗ ಚಿಖಲಿಯಲ್ಲಿ ಈ ಸಂಗಮ. ಅಲ್ಲಿಂದ ಸುಮಾರು 80 ಕಿಲೋಮೀಟರ್ ಹರಿದು ನರಸೋಬವಾಡಿಯಲ್ಲಿ ನದಿಯು ಕೃಷ್ಣೆಯನ್ನು ಸೇರುತ್ತದೆ. ಘಟ್ಟದ ಇಳಿಜಾರಿನಲ್ಲಿ ಧುಮುಕಿ ಬರುವ ನೀರು ಸಂಗಮದ ಬಳಿಕ ಸಮತಟ್ಟಾದ ನೆಲದಲ್ಲಿ ಡೊಂಕುಡೊಂಕಾಗಿ, ನಿಧಾನವಾಗಿ ಸಾಗಬೇಕು. ಬರುವ ವೇಗಕ್ಕೂ ಹೋಗುವ ವೇಗಕ್ಕೂ ಇರುವ ಈ ಅಂತರವೇ ಕೊಲ್ಹಾಪುರದ ಮಹಾಪೂರದ ಮೂಲ.

ಈ ಅಂತರವನ್ನು ನಗರವು ಅಳೆಯುವುದು ಕಸಬಾ ಬಾವಡಾದ ಬಳಿಯಿರುವ ರಾಜಾರಾಮ ಬಂಧಾರದಲ್ಲಿ. ಅಲ್ಲಿ ನೀರು 39 ಅಡಿಗೆ ಬಂದರೆ ಎಚ್ಚರಿಕೆಯ ಮಟ್ಟ, 43 ಅಡಿಗೆ ಬಂದರೆ ಅಪಾಯದ ಮಟ್ಟ. ಜುಲೈ ತಿಂಗಳು ಬಂತೆಂದರೆ ಕೊಲ್ಹಾಪುರದ ಜನ ಪೇಟೆಯ ಧಾರಣೆಯನ್ನು ಕೇಳುವಂತೆ ಈ ಅಂಕಿಯನ್ನು ಕೇಳುತ್ತಾರೆ. ಎಷ್ಟು ಬಂಧಾರಗಳು ನೀರಿನಡಿ ಹೋದವು, ಯಾವ ಯಾವ ರಸ್ತೆ ಬಂದ್ ಆಯಿತು ಎಂಬ ವಿವರ ದಿನವೂ ಪತ್ರಿಕೆಗಳಲ್ಲಿ ಬರುತ್ತದೆ. 2005ರಲ್ಲಿ ಈ ಬಂಧಾರದಲ್ಲಿ ನೀರು ಸುಮಾರು 50 ಅಡಿಗೆ ಏರಿತ್ತು. ಇನ್ನು ಇದಕ್ಕಿಂತ ಮೇಲಿಲ್ಲ ಎಂದು ಅನೇಕರು ನಂಬಿದ್ದರು. 2019ರ ಆಗಸ್ಟಿನಲ್ಲಿ 55 ಅಡಿ ದಾಟಿತು. 2021ರ ಜುಲೈಯಲ್ಲಿ 56 ಅಡಿಯನ್ನೂ ದಾಟಿತು. ಹಿರಿಯರು ಗೋಡೆಯ ಮೇಲೆ ಗುರುತು ಹಾಕಿಟ್ಟಿದ್ದ ಗೆರೆಗಳು ಹದಿನಾರು ವರ್ಷಗಳಲ್ಲಿ ಎರಡು ಬಾರಿ ಹಳೆಯವಾದವು.

ಬಂಧಾರದ ಅಂಕಿಯ ಹಿಂದೆ ರಾಧಾನಗರಿಯ ಜಲಾಶಯವಿದೆ. ಭೋಗಾವತಿಗೆ ಅಡ್ಡಲಾಗಿ ಈ ಅಣೆಕಟ್ಟನ್ನು ಕಟ್ಟಿಸಲು ಮೊದಲು ಮಾಡಿದವರು ರಾಜರ್ಷಿ ಶಾಹೂ ಮಹಾರಾಜರು. ಅದಕ್ಕೆ ಏಳು ಸ್ವಯಂಚಾಲಿತ ಬಾಗಿಲುಗಳಿವೆ. ನೀರು ಗೊತ್ತಾದ ಎತ್ತರಕ್ಕೆ ಬಂದಾಗ ಅವು ತಾವಾಗಿಯೇ ತೆರೆದುಕೊಳ್ಳುತ್ತವೆ, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಯಾರ ಅಪ್ಪಣೆಗೂ ಅವು ಕಾಯುವುದಿಲ್ಲ. ಆದ್ದರಿಂದ ‘ಮೂರನೆಯ ಬಾಗಿಲು ತೆರೆಯಿತು’, ‘ಐದನೆಯದು ತೆರೆಯಿತು’ ಎಂಬ ಸುದ್ದಿ ಬಂದೊಡನೆ ಕೆಳಗಿನ ಊರುಗಳಲ್ಲಿ ದನಕರುಗಳನ್ನು ಎತ್ತರಕ್ಕೆ ಹೊಡೆಯುವ ತಯಾರಿ ಆರಂಭವಾಗುತ್ತದೆ.

ಕೊಲ್ಹಾಪುರ ನಗರದಲ್ಲಿ ಹೊಳೆಯ ದಂಡೆಗೆ ಹೊಂದಿಕೊಂಡು ಬ್ರಹ್ಮಪುರಿಯ ದಿಬ್ಬವಿದೆ. 1945-46ರಲ್ಲಿ ಅಲ್ಲಿ ನಡೆದ ಉತ್ಖನನವು ಸಾತವಾಹನರ ಕಾಲದ ಊರನ್ನು ಬೆಳಕಿಗೆ ತಂದಿತು. ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿ ನೆಲಸಿದವರಿಗೆ ಹೊಳೆಯ ಹತ್ತಿರವೂ ಇರಬೇಕಾಗಿತ್ತು, ಹೊಳೆಯಿಂದ ಎತ್ತರದಲ್ಲಿಯೂ ಇರಬೇಕಾಗಿತ್ತು. ಅವರು ದಿಬ್ಬವನ್ನು ಆರಿಸಿಕೊಂಡರು. ಮುಂದೆ ಶಿಲಾಹಾರರು ಈ ನಾಡನ್ನಾಳಿ ಕನ್ನಡ ಶಾಸನಗಳನ್ನು ಬರೆಸಿದ ಕಾಲಕ್ಕೂ, ಬಳಿಕ ಮರಾಠರ ರಾಜಧಾನಿಯಾದ ಕಾಲಕ್ಕೂ ಊರು ಬೆಳೆಯುತ್ತ ಬಂದಿತು. ಬೆಳೆಯುತ್ತ ಬೆಳೆಯುತ್ತ ದಿಬ್ಬದಿಂದ ತಗ್ಗಿಗೂ ಇಳಿಯಿತು. ಜಯಂತಿ ನಾಲೆ ನಗರದ ಮಳೆನೀರನ್ನು ಹೊತ್ತು ಪಂಚಗಂಗೆಗೆ ಸುರಿಯುತ್ತದೆ. ಆದರೆ ಪಂಚಗಂಗೆಯೇ ಏರಿ ನಿಂತಾಗ ನಾಲೆಯ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತಿ ಬರುತ್ತದೆ. ಆಗ ಹೊಳೆಯನ್ನೇ ಕಾಣದ ಬೀದಿಗಳಲ್ಲಿ ಹೊಳೆಯ ನೀರು ನಿಲ್ಲುತ್ತದೆ. ಹೊಳೆಯ ದಂಡೆಯಿಂದ ಮನೆ ಎಷ್ಟು ದೂರ ಎಂಬ ಪ್ರಶ್ನೆ ಇಲ್ಲಿ ಸಾಲದು. ಹೊಳೆಯ ಮಟ್ಟದಿಂದ ಎಷ್ಟು ಎತ್ತರ ಎಂದು ಕೇಳಬೇಕು.

ಆಪತ್ತಿನ ಅಂದಾಜು ಎಂದರೆ ಮೂರು ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಹುಡುಕುವ ಕೆಲಸ. ಎಂಥ ಆಪತ್ತು, ಎಷ್ಟು ಸಲ, ಎಷ್ಟು ಬಲವಾಗಿ ಬರಬಹುದು ಎಂಬುದು ಮೊದಲನೆಯದು. ಅದರ ದಾರಿಯಲ್ಲಿ ಯಾರಿದ್ದಾರೆ, ಏನೇನಿದೆ ಎಂಬುದು ಎರಡನೆಯದು. ಬಂದರೆ ತಡೆದುಕೊಳ್ಳುವ, ಮತ್ತೆ ಎದ್ದು ನಿಲ್ಲುವ ಶಕ್ತಿ ಅವರಿಗೆಷ್ಟಿದೆ ಎಂಬುದು ಮೂರನೆಯದು. ಮೊದಲನೆಯ ಪ್ರಶ್ನೆಗೆ ಜಲಸಂಪನ್ಮೂಲ ಖಾತೆಯ ಇಂಜಿನಿಯರರು ಉತ್ತರ ಕೊಡಬಲ್ಲರು. ಎರಡನೆಯದಕ್ಕೆ ತಲಾಠಿಯ ದಫ್ತರ ಮತ್ತು ಗ್ರಾಮಪಂಚಾಯತಿಯ ದಾಖಲೆ ನೆರವಾಗುತ್ತವೆ. ಮೂರನೆಯ ಪ್ರಶ್ನೆಗೆ ಉತ್ತರ ಕಾಗದದಲ್ಲಿ ಸಿಗುವುದು ಕಡಿಮೆ, ಮನೆಗಳಲ್ಲಿ ಸಿಗುವುದೇ ಹೆಚ್ಚು.

ಮೊದಲನೆಯ ಪ್ರಶ್ನೆಯ ಉತ್ತರವಾಗಿ ಮಹಾರಾಷ್ಟ್ರದಲ್ಲಿ ನದಿಗಳ ಇಕ್ಕೆಲಗಳಲ್ಲಿ ಎರಡು ಪೂರರೇಷೆಗಳನ್ನು ಎಳೆಯುವ ಪದ್ಧತಿಯಿದೆ. ಇದಕ್ಕೆ ಆಧಾರ 1989ರ ಸರ್ಕಾರಿ ಸುತ್ತೋಲೆ. ಸರಾಸರಿ 25 ವರ್ಷಕ್ಕೊಮ್ಮೆ ಬರುವ ಮಹಾಪೂರ ಮುಟ್ಟುವ ಗೆರೆ ನೀಲಿ ರೇಷೆ; ನೂರು ವರ್ಷಕ್ಕೊಮ್ಮೆ ಬರುವಂಥದು ಮುಟ್ಟುವ ಗೆರೆ ಕೆಂಪು ರೇಷೆ. ನೀಲಿ ರೇಷೆಯೊಳಗಿನ ನೆಲ ನಿಷಿದ್ಧ ವಲಯ, ಎರಡು ರೇಷೆಗಳ ನಡುವಿನದು ನಿರ್ಬಂಧಿತ ವಲಯ. ನಿವೇಶನ ಕೊಳ್ಳುವವರು ಸಾತಬಾರಾ ಉತಾರವನ್ನು ನೋಡುತ್ತಾರೆ, ಋಣಭಾರವಿದೆಯೇ ಎಂದು ವಿಚಾರಿಸುತ್ತಾರೆ. ಆ ನೆಲ ಯಾವ ರೇಷೆಯೊಳಗಿದೆ ಎಂದು ಕೇಳುವವರು ವಿರಳ. ಕೇಳದೆ ಕೊಂಡವನ ಹಕ್ಕುಪತ್ರ ಸರಿಯಾಗಿಯೇ ಇರಬಹುದು, ಅದರ ಮೇಲೆ ಮನೆ ಕಟ್ಟುವ ಪರವಾನಗಿ ಮಾತ್ರ ಸಿಗಲಾರದು.

‘25 ವರ್ಷಕ್ಕೊಮ್ಮೆ’ ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ಒಮ್ಮೆ ಬಂದು ಹೋಯಿತು, ಇನ್ನು 25 ವರ್ಷ ನಿಶ್ಚಿಂತೆ ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ಅಂಥ ಪೂರ ಬರುವ ಸಂಭವ ನೂರಕ್ಕೆ 4 ಎಂದಷ್ಟೇ ಅರ್ಥ. ಹೋದ ವರ್ಷ ಬಂದಿದ್ದರೂ ಈ ವರ್ಷದ ಸಂಭವ ನೂರಕ್ಕೆ ನಾಲ್ಕೇ. ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿ ಈ ಲೆಕ್ಕವನ್ನು ತಾನೇ ಮಾಡಬಲ್ಲನು. ಒಂದು ವರ್ಷ ಪೂರ ಬಾರದಿರುವ ಸಂಭವ 0.96. ಹತ್ತು ವರ್ಷ ಒಮ್ಮೆಯೂ ಬಾರದಿರುವ ಸಂಭವ 0.96ರ ಹತ್ತನೆಯ ಘಾತ, ಅಂದರೆ ಸುಮಾರು 0.66. ಉಳಿದದ್ದು 0.34. ನೀಲಿ ರೇಷೆಯ ಅಂಚಿನಲ್ಲಿರುವ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಸೇರಿದ ಮಗು ಹತ್ತನೆಯದನ್ನು ಮುಗಿಸುವುದರೊಳಗೆ ತನ್ನ ಶಾಲೆಗೆ ಒಮ್ಮೆಯಾದರೂ ನೀರು ಬರುವುದನ್ನು ಕಾಣುವ ಸಂಭವ ಮೂರರಲ್ಲಿ ಒಂದು. ಕೆಂಪು ರೇಷೆಯ ಅಂಚಿನಲ್ಲಿದ್ದರೂ ಅದು ಸುಮಾರು ಹತ್ತರಲ್ಲಿ ಒಂದು. ಅದೂ ಹಿಂದಿನ ದಾಖಲೆಗಳನ್ನು ನಂಬಿ ಮಾಡಿದ ಲೆಕ್ಕ. 2019 ಮತ್ತು 2021ರ ಪೂರಗಳು ಬಂದ ಮೇಲೆ ಆ ಹಳೆಯ ದಾಖಲೆಗಳೇ ಮರುಪರಿಶೀಲನೆಗೆ ತಕ್ಕವಾಗಿವೆ.

ಅಪಾಯವೆಂದು ಗೊತ್ತಾದ ಮೇಲೆ ಜನ ಸ್ಥಳ ಬಿಡಬಾರದೇಕೆ ಎಂದು ಹೊರಗಿನವರು ಕೇಳುತ್ತಾರೆ. ಇದಕ್ಕೆ ಚಿಖಲಿ ಮತ್ತು ಅಂಬೇವಾಡಿ ಗ್ರಾಮಗಳು ಉತ್ತರ ಹೇಳುತ್ತವೆ. 1989ರ ಪೂರದ ಬಳಿಕ ಈ ಊರವರಿಗೆ ಎತ್ತರದ ಸೋನತಳಿಯಲ್ಲಿ ನಿವೇಶನಗಳನ್ನು ಗೊತ್ತುಮಾಡಲಾಯಿತು. ಮೂರು ದಶಕ ಕಳೆದು 2019 ಬಂದಾಗಲೂ ಹಳೆಯ ಊರುಗಳಲ್ಲಿ ಒಲೆ ಉರಿಯುತ್ತಿತ್ತು, ದೋಣಿಗಳು ಮನೆಯ ಬಾಗಿಲಿಗೆ ಬಂದು ಜನರನ್ನು ಹೊತ್ತೊಯ್ಯಬೇಕಾಯಿತು. ಹೊಲ ಕೆಳಗಿದೆ, ಗೋಠೆ ಕೆಳಗಿದೆ, ಗ್ರಾಮದೇವತೆ ಕೆಳಗಿದ್ದಾಳೆ. ಬೆಳಗಿನ ಜಾವ ಐದು ಗಂಟೆಗೆ ಎಮ್ಮೆ ಕರೆಯಬೇಕಾದವನು ರಾತ್ರಿ ಎತ್ತರದಲ್ಲಿ ಮಲಗಿ ಬೆಳಿಗ್ಗೆ ತಗ್ಗಿಗೆ ಇಳಿದು ಬರಬೇಕೆಂದರೆ ಸಂಸಾರ ಎರಡು ಕಡೆಗೆ ಹರಿದುಹೋಗುತ್ತದೆ. ನಿವೇಶನ ಕೊಟ್ಟರೆ ಪುನರ್ವಸನದ ಮೊದಲ ಹೆಜ್ಜೆ ಮಾತ್ರ ಮುಗಿಯಿತು. ದನ ಕಟ್ಟುವ ಜಾಗ, ನೀರು, ಶಾಲೆ, ಹೊಲಕ್ಕೆ ದಾರಿ ಇವೆಲ್ಲ ಕೂಡಿದಾಗಲೇ ಅದು ಊರಾಗುತ್ತದೆ.

ಕೊಲ್ಹಾಪುರದಿಂದ ಹೊರಟರೆ ಶಿರೋಲಿಯ ಬಳಿ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಸಿಗುತ್ತದೆ. 2019ರ ಆಗಸ್ಟಿನಲ್ಲಿ ಈ ಹೆದ್ದಾರಿಯ ಮೇಲೆ ನೀರು ನಿಂತು ಸುಮಾರು ಒಂದು ವಾರ ಸಂಚಾರ ಕಡಿದುಹೋಯಿತು. ಸರಕಿನ ಲಾರಿಗಳು ಮೈಲುಗಟ್ಟಲೆ ಸಾಲು ನಿಂತವು. ಹಾಲಿನ ಸಂಗ್ರಹ ನಿಂತು ಮುಂಬಯಿಗೆ ಹೋಗುವ ಹಾಲಿಗೂ ಕುತ್ತು ಬಂದಿತು. 2021ರಲ್ಲಿಯೂ ಹೆದ್ದಾರಿ ಮತ್ತೆ ಮುಚ್ಚಿತು. ನಗರದೊಳಗೆ ಇನ್ನೊಂದು ವಿಪರೀತ: ಸುತ್ತಲೂ ನೀರು, ನಲ್ಲಿಯಲ್ಲಿ ನೀರಿಲ್ಲ. ಹೊಳೆಯಿಂದ ನೀರೆತ್ತುವ ಪಂಪುಗಳೇ ಮುಳುಗಿದ್ದವು. ಮನೆಗೆ ಹನಿ ನೀರು ಬಾರದವನನ್ನು ಪೂರಪೀಡಿತನೆಂದು ಯಾವ ಪಂಚನಾಮೆಯಲ್ಲೂ ಬರೆಯುವುದಿಲ್ಲ. ಆದರೆ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವನೂ ಪೂರಕ್ಕೆ ಸಿಕ್ಕವನೇ.

ಇಚಲಕರಂಜಿಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದು ಹೆಸರಾದ ಈ ಊರು 2022ರಲ್ಲಿ ಮಹಾನಗರಪಾಲಿಕೆಯಾಯಿತು. ಹಗಲಿರುಳೂ ಯಂತ್ರಮಗ್ಗಗಳ ಖಟಖಟ ನಿಲ್ಲದ ಊರು ಇದು. ಮಗ್ಗದ ಕೆಲಸಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ನೆಲಸಿದ ಕನ್ನಡ ಕುಟುಂಬಗಳು ಇಲ್ಲಿವೆ. ಇಂಥ ಊರಿನಲ್ಲಿ ಬಾಡಿಗೆ ಕಡಿಮೆಯಾದ ಮನೆ ಎಲ್ಲಿ ಸಿಗುತ್ತದೆಂದರೆ, ನೆಲ ತಗ್ಗಾದ ಕಡೆ ಸಿಗುತ್ತದೆ. ಹೊಸದಾಗಿ ಬಂದವನಿಗೆ ಆ ಬೀದಿಯಲ್ಲಿ ಹಿಂದೆ ಎಷ್ಟು ನೀರು ಬಂದಿತ್ತೆಂಬ ನೆನಪಿರುವುದಿಲ್ಲ, ಮನೆಯೊಡೆಯ ಅದನ್ನು ಹೇಳುವುದೂ ಇಲ್ಲ. ಊರಿನ ನೆನಪು ಇಲ್ಲದಿರುವುದೂ ಆಪತ್ತನ್ನು ಹೆಚ್ಚಿಸುವ ಕಾರಣಗಳಲ್ಲಿ ಒಂದು.

ಮಗ್ಗದ ಶೆಡ್ಡಿಗೆ ನೀರು ನುಗ್ಗಿದರೆ ಮೋಟಾರು ಕೆಡುತ್ತದೆ, ಬೀಮಿಗೆ ಸುತ್ತಿದ ನೂಲು ಕೊಳೆಯುತ್ತದೆ, ಅರ್ಧ ನೇಯ್ದ ಬಟ್ಟೆ ಕರೆಗಟ್ಟುತ್ತದೆ. ಇವು ಮಾಲೀಕನ ಹಾನಿ. ಅವುಗಳಿಗೆ ಬಿಲ್ಲು ಇರುತ್ತದೆ, ವಿಮೆಯೂ ಇರಬಹುದು. ನೇಯ್ದ ಮೀಟರಿಗೆ ತಕ್ಕಂತೆ ಮಜೂರಿ ಪಡೆಯುವ ಕಾರ್ಮಿಕನ ಹಾನಿಗೆ ಬಿಲ್ಲಿಲ್ಲ. ನೀರು ಮೂರು ದಿನ ಇರಬಹುದು. ಮಗ್ಗ ಒಣಗಿ, ದುರಸ್ತಿಯಾಗಿ, ಮತ್ತೆ ಚಾಲೂ ಆಗಲು ವಾರಗಳು ಬೇಕು. ಆ ವಾರಗಳ ಅಂಗಡಿ ಉದ್ರಿ, ಮಕ್ಕಳ ಶಾಲೆಯ ಖರ್ಚು, ಬಾಡಿಗೆ ಇವು ಯಾವ ಸಮೀಕ್ಷೆಯ ಕಾಲಮಿನಲ್ಲಿಯೂ ಸುಲಭವಾಗಿ ಕೂಡ್ರುವುದಿಲ್ಲ. ಬಾಡಿಗೆ ಕರಾರು ಬಾಯಿಮಾತಿನದಾಗಿದ್ದರೆ ಆ ಮನೆಯಲ್ಲಿ ತಾನು ವಾಸವಾಗಿದ್ದೆನೆಂದು ತೋರಿಸುವುದೇ ಒಂದು ಹೋರಾಟ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆದ ವಿಳಾಸ, ಪಡಿತರ ಚೀಟಿ, ಕರೆಂಟ್ ಬಿಲ್ಲಿನ ನಕಲು ಇಂಥ ವೇಳೆಯಲ್ಲಿ ಮನೆಯ ಗೋಡೆಯಷ್ಟೇ ಬೆಲೆಯುಳ್ಳವಾಗುತ್ತವೆ.

ಪೂರ ಇಳಿದ ಮೇಲೂ ಇಚಲಕರಂಜಿಗೆ ಹೊಳೆಯ ಚಿಂತೆ ತಪ್ಪದು. ಮೇಲಿನ ಊರುಗಳ ಮೈಲಿಗೆಯೆಲ್ಲ ಪಂಚಗಂಗೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಹರಿವು ನಿಂತಾಗ ಅದು ಗಟ್ಟಿಯಾಗುತ್ತದೆ. 2012ರಲ್ಲಿ ಈ ಊರಿನಲ್ಲಿ ಕಾಮಾಲೆಯ ದೊಡ್ಡ ಹಾವಳಿ ಎದ್ದು ಸಾವಿರಾರು ಜನ ಹಾಸಿಗೆ ಹಿಡಿದರು, ಸಾವುಗಳೂ ಆದವು. ಕಲುಷಿತ ಕುಡಿಯುವ ನೀರಿನಿಂದ ಹಬ್ಬುವ ಹೆಪಟೈಟಿಸ್ ಇ ಎಂಬ ಸೋಂಕು ಅದು. ಪಂಚಗಂಗೆಯ ಜೊತೆಗೆ ಶಿರೋಳ ತಾಲೂಕಿನ ಮಜರೇವಾಡಿಯಿಂದ ಕೃಷ್ಣೆಯ ನೀರನ್ನೂ ಈ ಊರು ತರಿಸಿಕೊಳ್ಳುತ್ತದೆ. ಒಂದೇ ಹೊಳೆ ಆಗಸ್ಟಿನಲ್ಲಿ ಹೆಚ್ಚಾಗಿ, ಮೇ ತಿಂಗಳಲ್ಲಿ ಕಡಿಮೆಯಾಗಿ, ಎರಡು ಬಗೆಯಲ್ಲಿ ಕಾಡುತ್ತದೆ. ಆಪತ್ತಿನ ಪಟ್ಟಿಯಲ್ಲಿ ಮಹಾಪೂರವನ್ನು ಬರೆದು ನೀರಿನ ಕೊಳೆಯನ್ನು ಬಿಟ್ಟರೆ ಆ ಪಟ್ಟಿ ಅರ್ಧವೇ ಸರಿ.

ಇಚಲಕರಂಜಿಯ ಕೆಳಗೆ ಶಿರೋಳದ ಸೀಮೆ. ಕುರುಂದವಾಡದ ಎದುರಿಗೆ ನರಸೋಬವಾಡಿ, ಇನ್ನೂ ಕೆಳಗೆ ಕೋಪೇಶ್ವರನ ಖಿದ್ರಾಪುರ. ವಾಡಿಯ ದತ್ತ ದೇವಾಲಯದಲ್ಲಿ ಹೊಳೆಯ ನೀರು ಗರ್ಭಗುಡಿಯೊಳಗೆ ಬಂದು ಪಾದುಕೆಗಳನ್ನು ತೊಳೆದು ದಕ್ಷಿಣದ ಬಾಗಿಲಿನಿಂದ ಹೊರಬೀಳುವುದನ್ನು ‘ದಕ್ಷಿಣದ್ವಾರ ಸೋಹಳಾ’ ಎನ್ನುತ್ತಾರೆ. ಆ ನೀರಿನಲ್ಲಿ ಮೀಯಲು ಭಕ್ತರು ಕರ್ನಾಟಕದಿಂದಲೂ ಧಾವಿಸಿ ಬರುತ್ತಾರೆ. ಹೊಳೆ ಏರುವುದನ್ನು ಹಬ್ಬವಾಗಿ ಕಂಡ ಈ ದೃಷ್ಟಿಯಲ್ಲಿ ವಿವೇಕವೂ ಇದೆ: ಹೊಳೆಗೆ ಬರುವ ಹಕ್ಕಿದೆ, ಬಂದಾಗ ದಾರಿ ಬಿಡಬೇಕು, ಉತ್ಸವಮೂರ್ತಿಯನ್ನು ಎತ್ತರಕ್ಕೆ ಒಯ್ಯಬೇಕು. ದೇವರೇ ಸ್ಥಳ ಬದಲಿಸುವ ಊರಿನಲ್ಲಿ ಮನುಷ್ಯನು ಹಟ ಹಿಡಿದು ಕೂಡ್ರುವುದು ಸಲ್ಲದು ಎಂದು ಹಿರಿಯರು ಹೇಳುವುದುಂಟು.

ಇಲ್ಲಿಯೇ ಎರಡು ರಾಜ್ಯಗಳ ವಾದವೂ ಕೇಳಬರುತ್ತದೆ. ಆಲಮಟ್ಟಿಯಲ್ಲಿ 519.60 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದ್ದರಿಂದಲೇ ಕೊಲ್ಹಾಪುರ, ಸಾಂಗಲಿ ಮುಳುಗುತ್ತವೆಂದು ಒಂದು ಪಕ್ಷ. ಮೇಲಿನ ಜಲಾಶಯಗಳಿಂದ ಒಮ್ಮೆಲೇ ನೀರು ಬಿಟ್ಟು ಬೆಳಗಾವಿ, ಬಾಗಲಕೋಟೆಗಳನ್ನು ಮುಳುಗಿಸುತ್ತಾರೆಂದು ಇನ್ನೊಂದು ಪಕ್ಷ. ಎರಡನೆಯ ಕೃಷ್ಣಾ ನ್ಯಾಯಾಧಿಕರಣವು ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು ಒಪ್ಪಿದ ಮೇಲೆ ಈ ವಾದ ಇನ್ನಷ್ಟು ಬಿಸಿಯಾಗಿದೆ. 2019ರ ಪೂರದ ಬಳಿಕ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೇರೆ ಅವರ ಸಮಿತಿಯು 2020ರಲ್ಲಿ ವರದಿ ಕೊಟ್ಟಿತು. ಆಲಮಟ್ಟಿ ಮತ್ತು ಹಿಪ್ಪರಗಿಗಳನ್ನು ಈ ಪೂರಕ್ಕೆ ಕಾರಣವೆಂದು ಅದು ಒಪ್ಪಲಿಲ್ಲ. ಕಡಿಮೆ ದಿನಗಳಲ್ಲಿ ಸುರಿದ ಅತಿವೃಷ್ಟಿ, ಹೊಳೆಯ ಪಾತ್ರದಲ್ಲಿ ಆದ ಅತಿಕ್ರಮಣಗಳು ಇವುಗಳತ್ತ ಬೆರಳು ತೋರಿಸಿತು. ವರದಿಯನ್ನು ಒಪ್ಪದವರು ಇಂದಿಗೂ ಇದ್ದಾರೆ, ಅವರ ಪ್ರಶ್ನೆಗಳಿಗೂ ಉತ್ತರ ದೊರೆಯಬೇಕು. ಆದರೆ ತಪ್ಪು ಆಚೆಯ ರಾಜ್ಯದ್ದೇ ಎಂದು ತೀರ್ಮಾನಿಸಿದ ಕೂಡಲೇ ನಮ್ಮೂರಿನ ನಾಲೆಯ ಮೇಲೆ ಕಟ್ಟಿದ ಗೋಡೆಯನ್ನು ಯಾರೂ ನೋಡುವುದಿಲ್ಲ. ಗಡಿಯ ಎರಡೂ ಬದಿಗೆ ನಂಟಸ್ತನವುಳ್ಳ ಕುಟುಂಬಗಳಿಗೆ ಬೇಕಾದದ್ದು ಗೆಲ್ಲುವ ವಾದವಲ್ಲ. ಯಾವ ಜಲಾಶಯದಿಂದ ಎಷ್ಟು ಹೊತ್ತಿಗೆ ಎಷ್ಟು ನೀರು ಬಿಟ್ಟರು, ಅದು ತಮ್ಮೂರನ್ನು ಯಾವಾಗ ಮುಟ್ಟುತ್ತದೆ ಎಂಬ ಸುದ್ದಿ ಅವರಿಗೆ ಬೇಕು.

ಗಡಹಿಂಗ್ಲಜದ ಹೊಳೆ ಬೇರೆ, ಅದರ ಸ್ವಭಾವವೂ ಬೇರೆ. ಹಿರಣ್ಯಕೇಶಿ ಅಂಬೋಲಿಯ ಘಟ್ಟದಲ್ಲಿ ಹುಟ್ಟಿ ಆಜರಾ, ಗಡಹಿಂಗ್ಲಜ ತಾಲೂಕುಗಳನ್ನು ದಾಟಿ ಸಂಕೇಶ್ವರದ ಕಡೆಯಿಂದ ಕರ್ನಾಟಕವನ್ನು ಹೊಕ್ಕು, ಹಿಡಕಲ್ ಜಲಾಶಯದ ಕೆಳಭಾಗದಲ್ಲಿ ಘಟಪ್ರಭೆಯನ್ನು ಕೂಡುತ್ತದೆ. ಅಂದರೆ ಈ ಹೊಳೆಯ ಪೂರವನ್ನು ಹಿಡಕಲ್ ತಡೆದು ನಿಲ್ಲಿಸಲಾರದು. ಮೇಲ್ಗಡೆಯ ಚಿತ್ರಿ ಜಲಾಶಯ ಚಿಕ್ಕದು. ಆದ್ದರಿಂದ ಅಂಬೋಲಿಯಲ್ಲಿ ಸುರಿದ ಮಳೆಗೂ ಗೋಕಾಕದ ಕಡೆಯ ಹೊಳೆಗೂ ನಡುವೆ ತಡೆ ಕಡಿಮೆ.

ಈ ತಾಲೂಕಿನ ನೂಲ, ಹಲಕರ್ಣಿ, ಬಸರ್ಗೆ, ತೇರಣಿ, ನಾಂಗನೂರಗಳ ಸೀಮೆಯಲ್ಲಿ ಕನ್ನಡ ಮನೆಮಾತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಎರಡೂ, ಕಚೇರಿಯಲ್ಲಿ ಮರಾಠಿ ಎಂಬುದು ಇಲ್ಲಿನ ನಿತ್ಯದ ನಡೆ. ಹೊಳೆಯ ಉದ್ದಕ್ಕೂ ಸಾಲು ಸಾಲಾಗಿ ಕೊಲ್ಹಾಪುರಿ ಮಾದರಿಯ ಬಂಧಾರಗಳಿವೆ. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗಾಲಕ್ಕೆ ಮುಂಚೆ ಅವನ್ನು ತೆಗೆಯುತ್ತಾರೆ. ಹಲಗೆ ತೆಗೆಯುವುದು ತಡವಾದರೆ, ಕಂಬಗಳ ನಡುವೆ ಗಿಡಗಂಟಿ ಸಿಕ್ಕಿಕೊಂಡರೆ, ಬಂಧಾರವೇ ಹೊಳೆಗೆ ಅಡ್ಡಗಟ್ಟೆಯಾಗುತ್ತದೆ. ಈ ಬಂಧಾರಗಳ ಮೇಲಿನ ಕಿರುದಾರಿಯೇ ಅನೇಕ ಊರುಗಳಿಗೆ ಹತ್ತಿರದ ರಸ್ತೆಯೂ ಹೌದು. ಅದರ ಮೇಲೆ ಒಂದು ಅಡಿ ನೀರು ಹರಿದರೂ ಶಾಲೆಗೆ ಹೋದ ಮಗು ಆಚೆಯ ದಂಡೆಯಲ್ಲಿ, ಮನೆ ಈಚೆಯ ದಂಡೆಯಲ್ಲಿ. ಮಹಾಪೂರದ ಸುದ್ದಿಯಲ್ಲಿ ಮುಳುಗಿದ ಮನೆಗಳು ಬರುತ್ತವೆ. ಮುಳುಗದೆಯೇ ದಾರಿ ಕಡಿದುಹೋದ ಇಂಥ ಊರುಗಳು ಬರುವುದು ಅಪರೂಪ. ಬಾಣಂತಿ, ಡಯಾಲಿಸಿಸ್ ರೋಗಿ, ಶಾಲೆಯ ಮಗು ಈ ಮೂವರ ಕಣ್ಣಿನಿಂದ ನೋಡಿದರೆ ಕಡಿದ ದಾರಿಯೂ ಆಪತ್ತೇ.

ಪಶ್ಚಿಮದ ತಾಲೂಕುಗಳಲ್ಲಿ ಗುಡ್ಡ ಜರಿಯುವ ಭಯವೂ ಇದೆ. 2021ರ ಜುಲೈಯಲ್ಲಿ ಕೊಲ್ಹಾಪುರ ಮುಳುಗಿದ ದಿನಗಳಲ್ಲಿಯೇ ರಾಯಗಡ ಜಿಲ್ಲೆಯ ತಳಿಯೆ ಎಂಬ ಊರಿನ ಮೇಲೆ ಗುಡ್ಡ ಕುಸಿಯಿತು. 1967ರ ಡಿಸೆಂಬರ್ 11ರಂದು ನೆರೆಯ ಸಾತಾರಾ ಜಿಲ್ಲೆಯ ಕೊಯನಾದಲ್ಲಿ ಆದ ಭೂಕಂಪವನ್ನು ಈ ಸೀಮೆಯ ಹಿರಿಯರು ಮರೆತಿಲ್ಲ. ಗಡಹಿಂಗ್ಲಜದ ಪೂರ್ವಭಾಗಕ್ಕೆ ಬಂದರೆ ಮಳೆ ಕೈಕೊಟ್ಟ ವರ್ಷ ಜನ ನೀರಿಗಾಗಿ ಪರದಾಡುತ್ತಾರೆ. ಒಂದೇ ಜಿಲ್ಲೆಗೆ ಇಷ್ಟೊಂದು ಮುಖಗಳಿರುವಾಗ ಇಡೀ ಜಿಲ್ಲೆಗೆ ಒಂದೇ ಅಂಕಿ ಕೊಟ್ಟು ‘ಅಪಾಯ ಹೆಚ್ಚು’ ಅಥವಾ ‘ಮಧ್ಯಮ’ ಎಂದು ಬರೆದರೆ ಪ್ರಯೋಜನವಾಗದು. ಅಂದಾಜು ಊರಿನ ಮಟ್ಟಕ್ಕೆ, ಕೇರಿಯ ಮಟ್ಟಕ್ಕೆ, ಶಾಲೆಯ ಮಟ್ಟಕ್ಕೆ ಇಳಿಯಬೇಕು.

ಕಾನೂನು ಇದಕ್ಕೆ ಜಾಗ ಮಾಡಿಕೊಟ್ಟಿದೆ. ಸುನಾಮಿಯ ಮರುವರ್ಷ ಬಂದ 2005ರ ವಿಪತ್ತು ನಿರ್ವಹಣಾ ಅಧಿನಿಯಮದ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವಿರಬೇಕು, ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಅದರ 31ನೆಯ ಕಲಮಿನಂತೆ ಪ್ರತಿ ಜಿಲ್ಲೆಗೆ ಒಂದು ಯೋಜನೆ ಇರಬೇಕು. ಯಾವ ಪ್ರದೇಶ ಯಾವ ಆಪತ್ತಿಗೆ ಈಡಾಗಬಲ್ಲದು ಎಂಬುದನ್ನು ಅದರಲ್ಲಿ ಬರೆದಿರಬೇಕು, ಸ್ಥಳೀಯ ಸಂಸ್ಥೆಗಳೊಡನೆ ವಿಚಾರ ಮಾಡಿ ಅದನ್ನು ತಯಾರಿಸಬೇಕು, ವರ್ಷಕ್ಕೊಮ್ಮೆ ಪರಿಶೀಲಿಸಬೇಕು. 61ನೆಯ ಕಲಮು ಪರಿಹಾರ ಹಂಚುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಮೇಲೆ ಭೇದವೆಣಿಸಬಾರದೆನ್ನುತ್ತದೆ. ಭಾಷೆ ಎಂಬ ಪದ ಆ ಸಾಲಿನಲ್ಲಿ ಇಲ್ಲ. ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದು ಸಂವಿಧಾನದ 350ನೆಯ ಅನುಚ್ಛೇದ: ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಅದು ಪ್ರತಿಯೊಬ್ಬನಿಗೂ ಕೊಡುತ್ತದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಅದು ಹೇಳುವುದಿಲ್ಲ. ಆದರೂ ತಾಯ್ನುಡಿ ಒಂದನ್ನೇ ಬಲ್ಲ ಅಜ್ಜಿಗೆ ಮನೆ ಬಿಡುವ ಸೂಚನೆ ಅರ್ಥವಾಗುವ ಮಾತಿನಲ್ಲಿ ಮುಟ್ಟಬೇಕೆಂದು ಕೇಳುವುದಕ್ಕೆ ಬೇರೆ ಕಲಮು ಬೇಕಾಗಿಲ್ಲ. ಎಚ್ಚರಿಕೆಯ ಉದ್ದೇಶವೇ ಅದು.

ಶಾಲೆಯ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಆ ದುರಂತದಿಂದ ಹುಟ್ಟಿದ ಅವಿನಾಶ ಮೆಹರೋತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಅಡಗಿದೆಯೆಂದು ತೀರ್ಪಿತ್ತಿತು. ಅದೇ ವರ್ಷದ ಶಿಕ್ಷಣ ಹಕ್ಕು ಅಧಿನಿಯಮದ 21ನೆಯ ಕಲಮಿನಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. 22ನೆಯ ಕಲಮು ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವ ಹೊಣೆಯನ್ನು ಈ ಸಮಿತಿಗೆ ಒಪ್ಪಿಸುತ್ತದೆ. ಅಲ್ಪಸಂಖ್ಯಾತರು ನಡೆಸುವ ಅನುದಾನಿತ ಶಾಲೆಗಳಲ್ಲಿ ಸಮಿತಿಯ ಅಧಿಕಾರ ಸಲಹೆಗೆ ಸೀಮಿತ. ಆದರೂ ಒಳ್ಳೆಯ ಸಲಹೆಯನ್ನು ತಳ್ಳಿಹಾಕುವ ಆಡಳಿತ ಮಂಡಳಿ ಪೂರ ಬಂದ ಮೇಲೆ ಪಾಲಕರಿಗೆ ಉತ್ತರ ಹೇಳಬೇಕಾಗುತ್ತದೆ.

ಈ ಯೋಜನೆಯಲ್ಲಿ ಒಂದು ಪುಟವನ್ನು ಹೊಳೆಗೆ ಮೀಸಲಿಡಲು ಯಾವ ತಜ್ಞರೂ ಬರಬೇಕಾಗಿಲ್ಲ. 2019ರಲ್ಲಿ ಮತ್ತು 2021ರಲ್ಲಿ ನೀರು ಶಾಲೆಯ ಯಾವ ಮೆಟ್ಟಿಲಿಗೆ ಬಂದಿತ್ತು ಎಂಬುದನ್ನು ಊರಿನ ಹಿರಿಯರನ್ನು ಕೇಳಿ ಕಂಬದ ಮೇಲೆ ಬಣ್ಣದಿಂದ ಗುರುತು ಹಾಕಬಹುದು. ಬಂಧಾರದಲ್ಲಿ ಎಷ್ಟು ಅಡಿ ನೀರಾದಾಗ ಶಾಲೆಯ ದಾರಿ ಮುಚ್ಚುತ್ತದೆ ಎಂದು ಬರೆದಿಡಬಹುದು. ಆಚೆ ದಂಡೆಯ ಮಕ್ಕಳು ಸಿಕ್ಕಿಕೊಂಡರೆ ಈಚೆಯ ಯಾರ ಮನೆಯಲ್ಲಿ ರಾತ್ರಿ ಉಳಿಯಬೇಕೆಂಬುದನ್ನು ಎರಡೂ ಕಡೆಯ ಪಾಲಕರು ಮೊದಲೇ ಒಪ್ಪಬಹುದು. ದಾಖಲಾತಿ ಪುಸ್ತಕ ಮತ್ತು ದಾಖಲೆಗಳ ನಕಲುಗಳನ್ನು ಗುರುತಿಗಿಂತ ಎತ್ತರದ ಕಪಾಟಿನಲ್ಲಿ ಇಡಬಹುದು. ಬಾಲಭಾರತಿಯ ಕನ್ನಡ ಮಾಧ್ಯಮದ ಪುಸ್ತಕಗಳಿಗೂ ಅಲ್ಲಿಯೇ ಜಾಗ. ಮರಾಠಿ ಪುಸ್ತಕ ನೆನೆದರೆ ಮರುದಿನ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ, ಕನ್ನಡ ಮಾಧ್ಯಮದ ಆರನೆಯ ಇಯತ್ತೆಯ ವಿಜ್ಞಾನ ಹಾಗೆ ಸಿಗದು. ಶಾಲೆಯೇ ನಿರಾಶ್ರಿತರ ಶಿಬಿರವಾದರೆ ಪಾಠಗಳು ಎಲ್ಲಿ ನಡೆಯಬೇಕು, ಮಠದಲ್ಲೋ ಸಮುದಾಯ ಭವನದಲ್ಲೋ, ಎಂಬುದನ್ನೂ ಬರೆಯಬೇಕು. ಬರೆದ ಪುಟದ ಒಂದು ಪ್ರತಿ ತಹಸೀಲ್ದಾರರ ಕಚೇರಿಗೆ ಹೋಗಿ ಪೋಚ್ ಪಡೆದು ಬಂದರೆ, ಜಿಲ್ಲೆಯ ದೊಡ್ಡ ಯೋಜನೆಯಲ್ಲಿ ಈ ಚಿಕ್ಕ ಶಾಲೆಯ ಹೆಸರು ಸೇರಿಸಬೇಕೆಂದು ಕೇಳಲು ಕೈಯಲ್ಲಿ ಕಾಗದವಿರುತ್ತದೆ.

ಮಹಾರಾಷ್ಟ್ರದಲ್ಲಿ ಹೊಸ ಶಾಲಾವರ್ಷ ಆರಂಭವಾಗುವುದು ಜೂನ್ ಮಧ್ಯದಲ್ಲಿ. 2021ರ ಪೂರ ಬಂದದ್ದು ಜುಲೈ ನಾಲ್ಕನೆಯ ವಾರದಲ್ಲಿ, 2019ರದು ಆಗಸ್ಟ್ ಮೊದಲ ವಾರದಲ್ಲಿ. ನಡುವೆ ಐದಾರು ವಾರಗಳಿವೆ. ಸಮಿತಿಯ ಒಂದು ಸಭೆ ಕರೆದು, ಕಂಬಕ್ಕೆ ಬಣ್ಣ ಬಳಿದು, ಒಂದು ಪುಟ ಬರೆದು ಮುಗಿಸಲು ಅಷ್ಟು ಕಾಲ ಸಾಕು.